ಮಂಚ ಸಾಗುವ ಓಣಿ

“ಬುದ್ಧಿ, ದಾರಿ ಮಾಡಿಸಿಕೊಟ್ಟ ಮೇಲೂ ಹೊಣೆ ಮುಗಿಯುವುದಿಲ್ಲವೇ?”

ಕೇಳಿದವಳು ಚೆನ್ನಾಜಮ್ಮ. ಕಾಡಂಚಿನ ಪಂಚಾಯಿತಿಯೊಂದರ ಅಧ್ಯಕ್ಷೆ, ಚಿಕ್ಕಂದಿನಿಂದ ಮಠಕ್ಕೆ ನಡೆದುಕೊಂಡವಳು. ಹಿಂದಿನ ಬೇಸಿಗೆಯಲ್ಲಿ ಗುಡ್ಡಕ್ಕೆ ಬಿದ್ದ ಬೆಂಕಿ ಅವಳ ಊರಿನ ಬಣವೆಗಳವರೆಗೂ ಬಂದು ಹೋಗಿತ್ತು. ಮತ್ತೆ ಬಂದರೆ ಜನ ಪಾರಾಗಲೆಂದು ಅವಳು ಕೆರೆಯಂಗಳದವರೆಗೆ ದಾರಿ ಕಡಿಸಿದ್ದಳು, ಬಾಣದ ಗುರುತಿನ ಬೋರ್ಡು ನೆಡಿಸಿದ್ದಳು, ಗ್ರಾಮಸಭೆಯಲ್ಲಿ ಓದಿ ಹೇಳಿಸಿದ್ದಳು.

“ನಾನೇ ನಡೆದೂ ನೋಡಿದೆ. ಕಾಲು ಗಂಟೆಯ ದಾರಿ. ಇನ್ನು ಬರುವುದು ಬಿಡುವುದು ಜನರ ಪಾಡು ಅನ್ನುತ್ತೇನೆ. ಆದರೂ ಮನಸ್ಸು ಕೇಳುತ್ತಲೇ ಇರುತ್ತದೆ,” ಎಂದಳು.

ಮಠದ ಗುರು ನಿರ್ವಾಣಯ್ಯನವರು ಜಗಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. “ಕೇಳುವ ಮನಸ್ಸಿಗೆ ಬಾಯಿ ಮುಚ್ಚು ಅನ್ನಬಾರದು, ತಾಯಿ. ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ, ನನಗೆ ಎಳೆ ತಪ್ಪುತ್ತದೆ,” ಎಂದರು. ಹಾಗೇ ಕತೆ ಶುರುವಾಯಿತು.

ಒಂದು ಊರು. ಮೂರು ಕಡೆ ಗುಡ್ಡ, ಗುಡ್ಡದ ತುಂಬ ಹುಲ್ಲು. ಶಿವರಾತ್ರಿ ಕಳೆದರೆ ಆ ಹುಲ್ಲು ಒಣಗಿ ಗರಿಗರಿ ಅನ್ನುತ್ತಿತ್ತು. ನಾಲ್ಕನೆಯ ಕಡೆ ಹೊಳೆ, ಬೇಸಿಗೆಯಲ್ಲಿ ಬರೀ ಮರಳು. ಗುಡ್ಡಕ್ಕೆ ಬೆಂಕಿ ಬಿದ್ದರೆ ಬದುಕುವ ಜಾಗ ಆ ಮರಳೊಂದೇ. ಊರಿನಿಂದ ಮರಳಿಗೆ ಇದ್ದದ್ದೂ ಒಂದೇ ಓಣಿ. ಆ ಓಣಿ ಕಾಯುವುದು ಊರ ಗೌಡನ ಕೆಲಸ. ಅದಕ್ಕೇ ಅವನ ತಲೆಗೆ ರುಮಾಲು, ಅದಕ್ಕೇ ಊರಿನಲ್ಲಿ ಅವನಿಗೆ ಮೊದಲ ವೀಳ್ಯ.

ಅಲ್ಲೊಂದು ಪದ್ಧತಿಯಿತ್ತು. ಶಿವರಾತ್ರಿಯಾದ ಮೂರನೆಯ ದಿನ ಗೌಡ ರುಮಾಲು ಸುತ್ತಿಕೊಂಡು ಓಣಿಯ ಮೇಲ್ತುದಿಯಿಂದ ಮರಳಿನವರೆಗೆ ನಡೆಯಬೇಕು. ಮರಳಿನ ಮೇಲೆ ಕಾಯಿ ಒಡೆದು “ಓಣಿ ಸಾಗಿತು” ಎಂದು ಗಟ್ಟಿಯಾಗಿ ಹೇಳಬೇಕು. ಆಮೇಲೆ ಊರು ನಿಶ್ಚಿಂತೆಯಿಂದ ಪಾಯಸ ಉಣ್ಣುತ್ತದೆ. ಅದೇ ದಿನ ಚಾವಡಿಯ ತೊಲೆಗೆ ಕಟ್ಟಿದ ಹಳೆಯ ಮಂಚವೊಂದನ್ನು ಇಳಿಸಿ, ತೊಳೆದು, ಅರಿಶಿನ ಕುಂಕುಮ ಹಚ್ಚಿ, ಮಂಗಳಾರತಿ ಎತ್ತಿ, ಮತ್ತೆ ಮೇಲಕ್ಕೆ ಕಟ್ಟುತ್ತಾರೆ. ಮಂಚಕ್ಕೆ ಯಾಕಪ್ಪಾ ಪೂಜೆ ಎಂದು ಯಾರೂ ಕೇಳಿದವರಲ್ಲ. ಹೂವು ಏರಿಸುವುದನ್ನು ಮಾತ್ರ ಒಂದು ವರ್ಷವೂ ತಪ್ಪಿಸಿದವರಲ್ಲ.

ಹಳೆಯ ಗೌಡ ನಲವತ್ತು ವರ್ಷ ಹಾಗೆ ನಡೆದ, ನಲವತ್ತು ಕಾಯಿ ಒಡೆದ, ಒಂದು ದಿನ ತೀರಿಕೊಂಡ. ರುಮಾಲು ಮಗನ ತಲೆಗೆ ಬಂತು. ಮಗನೂ ನಡೆದ. ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಹೊರಟವನು ಅದನ್ನು ಉಗುಳುವಷ್ಟರಲ್ಲಿ ಮರಳು ಮುಟ್ಟಿದ್ದ. “ಓಣಿ ಸಾಗಿತು” ಎಂದ. ಮನೆಗೆ ಬಂದು ಪಾಯಸ ಉಂಡ.

ಆದರೆ ಈ ಹೊಸ ಗೌಡನಿಗೆ ಒಂದು ಚಾಳಿ. ಕಂಡದ್ದಕ್ಕೆಲ್ಲ ಯಾಕೆ ಅನ್ನುವುದು. ಚಿಕ್ಕಂದಿನಲ್ಲಿ ಇದಕ್ಕೇ ಅಪ್ಪನ ಕೈಲಿ ಪೆಟ್ಟು ತಿಂದಿದ್ದ. ಈಗ ಪೆಟ್ಟು ಕೊಡುವವರಿರಲಿಲ್ಲ. ಚಾವಡಿಯಲ್ಲಿ ಕೂತಾಗಲೆಲ್ಲ ತಲೆಯ ಮೇಲೆ ಆ ಮಂಚ ಕಾಣುತ್ತಿತ್ತು. ದೇವರಿಗೆ ಪೂಜೆ ಸರಿ, ಎತ್ತಿಗೆ ಸರಿ, ನೇಗಿಲಿಗೂ ಸರಿ. ಈ ಮಂಚ ಏನು ಉಪಕಾರ ಮಾಡಿತ್ತು?

ಪೂಜಾರಿಯನ್ನು ಕೇಳಿದ.

“ಅದು ಅಮ್ಮನವರು ಮಲಗುವ ಮಂಚ, ಗೌಡರೇ.”

“ಅಮ್ಮನವರು ಮಲಗುವ ಮಂಚಕ್ಕೆ ಹೊರುವ ಬೊಂಬು ಯಾಕೆ ಕಟ್ಟಿದ್ದಾರೆ?”

ಪೂಜಾರಿಗೆ ತಟ್ಟನೆ ಗಂಟೆ ಬೆಳಗುವ ಕೆಲಸ ನೆನಪಾಯಿತು. ಎದ್ದು ಹೋದ.

ಊರಿಗೆಲ್ಲ ಹಿರಿಯಳು ಒಬ್ಬ ಮುದುಕಿ, ಒಬ್ಬ ರೈತನ ತಾಯಿ. ಸೊಂಟ ಮುರಿದು ಹಾಸಿಗೆ ಹಿಡಿದು ಆರು ವರ್ಷವಾಗಿತ್ತು. ಬಾಯಿ ಮಾತ್ರ ಚುರುಕಾಗಿಯೇ ಇತ್ತು. ಗೌಡ ಹೋಗಿ ಅವಳ ಹಾಸಿಗೆಯ ಪಕ್ಕದಲ್ಲಿ ಕೂತು, ಮಂಚದ ಮಾತು ತೆಗೆದ.

“ಅದರ ಮೇಲೆ ನಾನೇ ಮಲಗಿದ್ದೆ ಕಣಪ್ಪಾ,” ಎಂದಳು ಮುದುಕಿ. “ಚೊಚ್ಚಲ ಹೆರಿಗೆಯಾಗಿ ಮೂರು ದಿನ. ಅವತ್ತು ಓಣಿ ನಡೆಯುವ ದಿನ. ಏಳಲಾಗದವರು ಯಾರಿದ್ದೀರಿ ಅಂತ ನಿನ್ನ ತಾತ ಮನೆಮನೆಗೂ ಬಂದು ಕೇಳಿದ. ನನ್ನನ್ನೂ ಕೂಸನ್ನೂ ಮಂಚದ ಮೇಲೆ ಹಾಕಿ ನಾಲ್ಕು ಜನ ಹೊತ್ತರು. ಕೂಸು ಅಂದರೆ ಇವನೇ, ನನ್ನ ಮಗ. ಮುಂದೆ ದನಕರು, ಮಕ್ಕಳುಮರಿ, ಇಡೀ ಊರು. ಎಲ್ಲರ ಹಿಂದೆ ನನ್ನ ಮಂಚ. ಮಂಚದ ಹಿಂದೆ ಗೌಡ. ಮಂಚ ಮರಳು ಮುಟ್ಟಿದ ಮೇಲೆಯೇ ನಿನ್ನ ತಾತ ಕಾಯಿ ಒಡೆದದ್ದು.”

“ಮತ್ತೆ ಅದು ನಿಂತದ್ದು ಹೇಗೆ, ಅಜ್ಜೀ?”

“ಒಂದು ವರ್ಷ ಏಳಲಾಗದವರು ಯಾರೂ ಇರಲಿಲ್ಲ. ಬರೀ ಮಂಚ ಯಾಕೆ ಹೊರುವುದು, ಪೂಜೆ ಮಾಡಿದರೆ ಸಾಕು ಅಂದರು. ಮರುವರ್ಷ ಹೊಲದ ಕೆಲಸವಿದೆ ಅಂತ ಜನ ಬರಲಿಲ್ಲ. ಆಮೇಲೆ ಗೌಡ ಒಬ್ಬನೇ.”

ಗೌಡನಿಗೆ ಗಂಟು ಬಿಚ್ಚಿದ ಖುಷಿ. ಅದರ ಹಿಂದೆಯೇ ನಾಚಿಕೆಯೂ ಆಯಿತು. ತಾನು ನಡೆದದ್ದು ಯಾವ ನಡಿಗೆ? ಎರಡು ಕೈ ಬೀಸಿಕೊಂಡು, ಹೊಟ್ಟೆ ತುಂಬಿದ ಆಳು ಹೊಲಕ್ಕೆ ಹೋದಂತೆ ಹೋಗಿ ಬಂದಿದ್ದ.

“ಅಜ್ಜೀ, ನಾಳೆ ಮಂಚ ಇಳಿಸಿದರೆ ಬರುತ್ತೀಯಾ?”

“ಹೊಳೆ ನೋಡಿ ಆರು ವರ್ಷವಾಯಿತು. ಹೊತ್ತುಕೊಂಡು ಹೋಗುವವರಿದ್ದರೆ ಬರುವುದಕ್ಕೇನು? ಇಳಿಸುವಾಗ ಮಾತ್ರ ಮೆತ್ತಗೆ.”

ಮರುದಿನ ಮಂಚ ಇಳಿಯಿತು. ಊರಿನ ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಪೂಜೆಯ ಮಂಚದ ಮೇಲೆ ಮುದುಕಿಯೇ ಎಂದು ಪೂಜಾರಿ ಮುಖ ಸಿಂಡರಿಸಿದ. ನಾಲ್ವರು ಹೊತ್ತರು, ಗೌಡ ಹಿಂದೆ ನಡೆದ. ಮುದುಕಿ ಮಲಗಿಕೊಂಡೇ ಆ ಹೊಲ ಯಾರದು, ಈ ಮರ ಯಾವಾಗ ಕಡಿದರು ಎಂದು ಕೇಳುತ್ತ ಹೊರಟಳು. ಅರ್ಧ ಓಣಿ ಸರಾಗವಾಗಿ ಹೋಯಿತು. ತಿರುವಿನಲ್ಲಿ ಮಂಚ ನಿಂತಿತು. ಒಂದು ಕಡೆ ಕಳ್ಳಿಬೇಲಿ. ಇನ್ನೊಂದು ಕಡೆ ಆಳೆತ್ತರದ ಕಲ್ಲಿನ ಗೋಡೆ. ಓರೆ ಮಾಡಿದರು, ಹಿಂದೆ ಮುಂದೆ ಮಾಡಿದರು. ಮಂಚ ತಿರುಗಲಿಲ್ಲ.

ಗೋಡೆ ಮುದುಕಿಯ ಮಗನದೇ. ಹಂದಿ ಬರಬಾರದೆಂದು ಕಟ್ಟಿದ್ದ. ಮಳೆಗೆ ಕಲ್ಲು ಜಾರಿದಾಗಲೆಲ್ಲ ಮತ್ತೆ ಜೋಡಿಸುವ ನೆವದಲ್ಲಿ ಒಂದೊಂದು ಗೇಣು ಓಣಿಯೊಳಕ್ಕೆ ಜೋಡಿಸಿದ್ದ. ಒಬ್ಬನೇ ನಡೆಯುವವನಿಗೆ ಅದು ಗೊತ್ತಾಗುವಂತಿರಲಿಲ್ಲ.

“ಈ ಗೋಡೆ ತೆಗೆಯಬೇಕು,” ಎಂದ ಗೌಡ.

ರೈತ ಕೆಟ್ಟವನಲ್ಲ, ತಾಯಿಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡವನು. ಆದರೆ ಗೋಡೆಯ ಆಚೆ ಬಾವಿ ನೀರಿನಲ್ಲಿ ಬೆಳೆದ ಕುಂಬಳ ಬಲಿಯುತ್ತಿತ್ತು. ಅವನು ನೆರೆದವರ ಕಡೆ ತಿರುಗಿ ಹೇಳಿದ: “ಗೌಡರೇ, ನಿಮ್ಮ ಅಪ್ಪ ಇದೇ ತಿರುವು ದಾಟಿ ನಲವತ್ತು ವರ್ಷ ಓಣಿ ಸಾಗಿತು ಅಂದರು. ಹತ್ತು ದಿನದ ಕೆಳಗೆ ನೀವೂ ಅಂದಿರಿ. ಇವತ್ತು ಸಾಗಲಿಲ್ಲ ಅಂದರೆ ಅವತ್ತು ಹೇಳಿದ್ದು ಏನು?”

ಗೌಡನ ಮುಖ ಕೆಂಪಾಯಿತು. ಗೋಡೆ ಒಡೆಸಿದರೆ ಸತ್ತ ಅಪ್ಪನನ್ನು ಊರ ಮುಂದೆ ಸುಳ್ಳುಗಾರ ಎಂದಂತೆ. ತಾನೂ ಸುಳ್ಳುಗಾರ. ರೈತ ಮೆತ್ತಗಾಗಿ, “ಯುಗಾದಿ ಕಳೆಯಲಿ. ಕಾಯಿ ಕೊಯ್ದ ಮಾರನೆಯ ದಿನ ನಾನೇ ಒಡೆಯುತ್ತೇನೆ,” ಎಂದ. ಮಾತು ಒಪ್ಪುವಂತಿತ್ತು. ಮಾನವೂ ಉಳಿಯುತ್ತಿತ್ತು. ಗೌಡ ಆಗಲಿ ಎಂದ.

ಮುದುಕಿಯನ್ನು ಹಾಗೇ ಹಿಂದಕ್ಕೆ ಹೊತ್ತು ತಂದರು. “ಹೊಳೆ ಕಾಣಲಿಲ್ಲವಲ್ಲೋ,” ಎಂದಳು.

ಯುಗಾದಿಗೆ ಇನ್ನೂ ಆರು ದಿನವಿತ್ತು. ನಡುಮಧ್ಯಾಹ್ನ ಮೇಲಿನ ಗುಡ್ಡ ಹೊತ್ತಿಕೊಂಡಿತು. ಗಾಳಿ ಊರ ಕಡೆಗಿತ್ತು. ಒಂದು ಗುಣ ಒಪ್ಪಬೇಕು, ಗೌಡ ಅವತ್ತು ಮುಂದೆ ಓಡಲಿಲ್ಲ. ಏಳಲಾಗದವರು ಯಾರಿದ್ದೀರಿ ಎಂದು ಮನೆಮನೆಗೂ ಹೋಗಿ ಕೂಗಿದ. ಸೊಂಟ ಮುರಿದವಳನ್ನು ಬೆನ್ನ ಮೇಲೆ ಹೊರುವಂತಿರಲಿಲ್ಲ. ತಿರುವಿನಲ್ಲಿ ಹೇಗಾದರೂ ಎತ್ತಿ ದಾಟಿಸೋಣ ಎಂದು ಮಂಚ ಇಳಿಸಿ, ಮುದುಕಿಯನ್ನು ಮಲಗಿಸಿ, ರೈತನ ಜೊತೆ ತಾನೂ ಹೆಗಲು ಕೊಟ್ಟ. ಊರು ಅರ್ಧ ಮುಂದೆ ಹೋಗಿತ್ತು, ಅರ್ಧ ಹಿಂದಿತ್ತು. ತಿರುವಿಗೆ ಬರುವ ಹೊತ್ತಿಗೆ ಹೆದರಿದ ದನ ಹಿಂದಿನಿಂದ ನುಗ್ಗಿದವು. ಮಂಚ ಗೋಡೆಗೂ ಬೇಲಿಗೂ ನಡುವೆ ಹೆಟ್ಟಿಕೊಂಡಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಮಂಚದ ಹಿಂದೆ ಅರ್ಧ ಊರು.

ರೈತ ಗೋಡೆ ಹತ್ತಿ ಆಚೆಯಿಂದ ಕಲ್ಲು ಕೀಳತೊಡಗಿದ. ಗೌಡ ಈಚೆಯಿಂದ ಕಿತ್ತ. ಗೋಡೆಯನ್ನು ರೈತ ಗಟ್ಟಿಯಾಗಿ ಕಟ್ಟಿದ್ದ. ಉಗುರು ಕಿತ್ತು ರಕ್ತ ಬಂತು. ಅವ್ವಾ, ಅವ್ವಾ ಎನ್ನುತ್ತಲೇ ಕಿತ್ತ. ಹೊಗೆ ಓಣಿಯೊಳಗೆ ಇಳಿಯಿತು. ಮುದುಕಿ ಮೊದಲು ಕೆಮ್ಮುತ್ತಿದ್ದಳು. ಆಮೇಲೆ ಕೆಮ್ಮು ಕೇಳಲಿಲ್ಲ. ಕೊನೆಗೆ ಗೋಡೆ ಬಿತ್ತು, ಮಂಚ ತಿರುಗಿತು, ಹಿಂದಿದ್ದವರೆಲ್ಲ ಕುಂಬಳದ ಬಳ್ಳಿ ತುಳಿದುಕೊಂಡು ಮರಳು ಸೇರಿದರು. ಎಲ್ಲರೂ ಉಳಿದರು. ಮಂಚ ಇಳಿಸಿದಾಗ ಮುದುಕಿಯ ಜೀವ ಹೋಗಿತ್ತು.

ವಯಸ್ಸಾಗಿತ್ತು ಬಿಡಿ ಎಂದರು ಜನ. ಗೌಡರು ಮಂಚಕ್ಕೆ ಹೆಗಲು ಕೊಟ್ಟರು, ಇನ್ನೇನು ಮಾಡಬೇಕಿತ್ತು ಎಂದರು. ರೈತ ತಾಯಿಯ ಕಾಲು ಹಿಡಿದು, ನನ್ನ ಗೋಡೆ, ನನ್ನ ಗೋಡೆ ಎಂದು ಅಳುತ್ತಿದ್ದ. ಗೌಡ ತಲೆಯ ರುಮಾಲು ಬಿಚ್ಚಿ ಮುದುಕಿಗೆ ಹೊದಿಸಿದ. ಮತ್ತೆಂದೂ ರುಮಾಲು ಸುತ್ತಲಿಲ್ಲ.

ನಿರ್ವಾಣಯ್ಯನವರು ಕತೆ ನಿಲ್ಲಿಸಿ ಹುಣಸೆ ಬೀಜಗಳನ್ನು ಒಂದು ಕಡೆ ಸರಿಸಿದರು. ಚೆನ್ನಾಜಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು ಕೇಳಿದಳು: “ಆದರೂ ಬುದ್ಧಿ, ತಪ್ಪು ರೈತನದೇ ಅಲ್ಲವೇ? ಗೋಡೆ ಕಟ್ಟಿದವನು ಅವನು. ಗಡುವು ಕೇಳಿದವನೂ ಅವನೇ.”

“ಗೋಡೆ ಅವನದೇ, ತಾಯಿ. ಓಣಿ ಸಾಗಿತು ಎಂದು ಊರಿಗೆ ಹೇಳಿದವನು ಅವನಲ್ಲ.”

“ಹಾಗಾದರೆ ನನ್ನ ದಾರಿ?” ಎಂದಳು ಅವಳು. “ಅದು ಅಗಲವಾಗಿದೆ, ಬುದ್ಧಿ. ನಾನೇ ನಡೆದು ನೋಡಿದ್ದೇನೆ ಅಂತ ಹೇಳಿದೆನಲ್ಲ.”

ಗುರುಗಳು ಅವಳ ಮುಖವನ್ನೇ ನೋಡಿದರು.

“ಯಾರನ್ನು ಹೊತ್ತುಕೊಂಡು ನಡೆದೆ?”