ವರ್ತಕನ ಹೆಬ್ಬಾವು ಊಟ ಮಾಡಿದ್ದು

"ಗುರುಗಳೇ, ಸೊಸೆಯನ್ನು ತವರಿಗೆ ಕಳಿಸಿಬಿಡಲೇ?" ಎಂದು ಶಿಷ್ಯನೊಬ್ಬ ಕೇಳಿದ. ಅವನು ಗೃಹಸ್ಥ. ಮಗನ ಮದುವೆಯಾಗಿ ಇನ್ನೂ ತಿಂಗಳು ತುಂಬಿರಲಿಲ್ಲ. "ಹುಡುಗಿಗೆ ನಾವು ಏನೂ ಕಡಿಮೆ ಮಾಡಿಲ್ಲ. ಮನೆಮಂದಿಯೆಲ್ಲ ಸುತ್ತ ಕೂತು ಬಡಿಸುತ್ತೇವೆ. ನಮ್ಮೆದುರು ತುತ್ತು ಎತ್ತುವುದಿಲ್ಲ. ಎಲ್ಲರೂ ಎದ್ದುಹೋದ ಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ಉಣ್ಣುತ್ತಾಳೆ. ನಮ್ಮ ಪ್ರೀತಿಗೆ ಇದೇನು ಮರ್ಯಾದೆ?"

ಗುರುಗಳು ಅವನನ್ನು ಕೂರಿಸಿ ಒಂದು ಕತೆ ಹೇಳಿದರು.

ಒಬ್ಬ ವರ್ತಕ ಬಂದರಿನ ಸಂತೆಯಲ್ಲಿ ಪರದೇಶದ ಪುಟ್ಟ ಹೆಬ್ಬಾವೊಂದನ್ನು ಸಾಕಲೆಂದು ಕೊಂಡ. ವಿಷವಿಲ್ಲದ, ಕಚ್ಚಲೂ ನಾಚುವ ಹಾವು. ಹೆದರಿದರೆ ಚೆಂಡಿನಂತೆ ಸುತ್ತಿಕೊಂಡು ತಲೆಯನ್ನು ನಡುವೆ ಹುದುಗಿಸುತ್ತದೆ, ಅಷ್ಟೇ. ಮಾರಿದವನು ಹೇಳಿದ: "ಯಜಮಾನರೇ, ಬೆಚ್ಚಗಿನ ಮೂಲೆ ಇರಲಿ, ಕುಡಿಯಲು ನೀರಿರಲಿ, ಅಡಗಲು ಒಂದು ಮಡಕೆ ಇರಲಿ. ಜಾಗ ಒಗ್ಗುವ ತನಕ ಮುಟ್ಟಬೇಡಿ. ಇಲಿ ಹಾಕಿ, ಬಾಗಿಲು ಮುಚ್ಚಿ, ನಿಮ್ಮ ಕೆಲಸ ನೋಡಿಕೊಳ್ಳಿ."

ಇದು ಪ್ರೀತಿ ಇಲ್ಲದವರಿಗೆ ಹೇಳುವ ಮಾತು ಎಂದು ವರ್ತಕ ತಿಳಿದ.

ಮನೆಗೆ ಬಂದವನೇ ಬೆಳ್ಳಿ ಬಟ್ಟಲಲ್ಲಿ ಹಾಲಿಟ್ಟ. ಹಾವು ಅದರ ಹತ್ತಿರ ಸುಳಿಯಲಿಲ್ಲ. ಇಲಿ ಇಟ್ಟು ಎದುರಿಗೇ ಕೂತ. ಹಾವು ಚೆಂಡಾಗಿ ತಲೆ ಬಚ್ಚಿಟ್ಟಿತು. ಮೊದಲು ಅದನ್ನು ನಮಸ್ಕಾರ ಎಂದುಕೊಂಡ. ಆಮೇಲೆ ನಾಚಿಕೆ ಎಂದುಕೊಂಡ. ಆಮೇಲೆ ಏನೆಂದುಕೊಳ್ಳಬೇಕೋ ತಿಳಿಯಲಿಲ್ಲ. ನಿದ್ದೆಯೋ ಎಂದು ಮಡಕೆ ಎತ್ತಿ ನೋಡಿದ. ಸತ್ತಿತೋ ಎಂದು ಮತ್ತೆ ಎತ್ತಿದ. ಚಳಿಯಿರಬೇಕೆಂದು ತೊಡೆಯ ಮೇಲಿಟ್ಟು ಶಾಲು ಹೊದಿಸಿದ. ಬೇಸರವಿರಬೇಕೆಂದು ನೆಂಟರನ್ನು ಕರೆಸಿದ. ನೆಂಟರು ಸುತ್ತ ನಿಂತು, ಹಾವು ಸೊರಗಿದೆ ಎಂದರು. ಅವರು ಹೋದ ಮೇಲೆ, ಅವರದೇ ದೃಷ್ಟಿ ತಾಗಿತೆಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ. ಮನೆಯವರೆಲ್ಲ ಕೆಮ್ಮಿದರು. ಹಾವು ಇನ್ನಷ್ಟು ಸಣ್ಣ ಚೆಂಡಾಯಿತು.

ವರ್ತಕನಿಗೂ ಅನ್ನ ಸೇರದಾಯಿತು. "ಇಷ್ಟು ಮಾಡಿದರೂ ತಿನ್ನುವುದಿಲ್ಲವಲ್ಲೇ. ಹೀಗೇ ಸತ್ತುಹೋಗುತ್ತದೆ," ಎಂದು ಹೆಂಡತಿಯ ಮುಂದೆ ಅತ್ತ.

"ನೀವು ಉಣ್ಣುವಾಗ ನಾನು ತುತ್ತಿಗೊಮ್ಮೆ ನಿಮ್ಮನ್ನು ಎತ್ತಿ ತಿರುಗಿಸಿ ನೋಡಿದರೆ ನಿಮಗೆ ಇಳಿಯುತ್ತದೆಯೇ?" ಎಂದಳು ಅವಳು.

ವರ್ತಕನಿಗೆ ಹೋಲಿಕೆ ಅರ್ಥವಾಗಲಿಲ್ಲ.

ಅಷ್ಟರಲ್ಲಿ ಅವನು ವ್ಯಾಪಾರಕ್ಕೆ ಪರಊರಿಗೆ ಹೋಗಬೇಕಾಯಿತು. ಹಾವನ್ನೂ ಒಯ್ಯುತ್ತೇನೆಂದ, ಹೆಂಡತಿ ಬಿಡಲಿಲ್ಲ. ವಾರ ಕಳೆದು ಬಂದಾಗ ಅವಳು ಹೊಸ್ತಿಲಲ್ಲೇ ಹೇಳಿದಳು: "ರೀ, ತಿಂದಿತು!"

"ಯಾರ ಎದುರಿಗೆ?"

"ಯಾರ ಎದುರಿಗೂ ಇಲ್ಲ. ಇಲಿ ಹಾಕಿ ಬಾಗಿಲು ಮುಚ್ಚಿದೆ. ಹಪ್ಪಳ ಒಣಹಾಕಿ ಬರುವಷ್ಟರಲ್ಲಿ ಇಲಿ ಇರಲಿಲ್ಲ."

ವರ್ತಕ ಒಳಗೆ ಹೋಗಿ ನೋಡಿದ. ಹಾವು ಮೈಚಾಚಿ ಮಲಗಿತ್ತು. ಹೊಟ್ಟೆ ಉಬ್ಬಿತ್ತು. ಸಂತೋಷಪಡಬೇಕೆಂದು ಅವನಿಗೆ ಗೊತ್ತಿತ್ತು. ಸಂತೋಷ ಯಾಕೆ ಬರಲಿಲ್ಲವೆಂದು ಮಾತ್ರ ಗೊತ್ತಾಗಲಿಲ್ಲ. "ನಾನಿದ್ದಾಗ ಒಂದು ದಿನವೂ ತಿನ್ನಲಿಲ್ಲ," ಎಂದ. ಮರುದಿನ ಹಾವನ್ನು ಬುಟ್ಟಿಗೆ ಹಾಕಿಕೊಂಡು, ಮಾರಿದವನಿಗೇ ಹಿಂತಿರುಗಿಸಲು ಹೊರಟ.

ಶಿಷ್ಯನಿಗೆ ತಡೆಯಲಾಗಲಿಲ್ಲ. "ಎಂಥ ಮನುಷ್ಯ, ಗುರುಗಳೇ! ಬದುಕಲಿ ಎಂದು ಅತ್ತವನೂ ಅವನೇ. ಬದುಕಿತು. ಹೊಟ್ಟೆ ತುಂಬ ತಿಂದಿತು. ಇನ್ನೇನು ಬೇಕಾಗಿತ್ತು ಅವನಿಗೆ?"

ಗುರುಗಳು ಹೇಳಿದರು: "ಅದನ್ನು ನಿನ್ನನ್ನೇ ಕೇಳಬೇಕೆಂದಿದ್ದೆ."