ಗಿಳಿಯ ಒಂದೇ ಮಾತು

ಮೂಕಜೀವಿಗಳ ಮೊರೆಯನ್ನೂ ಕೇಳಿಸಿಕೊಳ್ಳುವ ಸ್ವಾಮಿಗೆ ಕೈಮುಗಿದು ಈ ಕಥೆ ಹೇಳುವೆ.

ಇಂಗ್ಲೆಂಡಿನಲ್ಲಿ ಬೆಳೆದ ಗಿಳಿಯೊಂದಕ್ಕೆ ಮನುಷ್ಯರ ಮಾತು ಬರುತ್ತಿದ್ದುದು ಒಂದೇ: 'ಗಿಫ್ಟ್'. ಅಲ್ಲಿ ಅದಕ್ಕೆ ಉಡುಗೊರೆ ಎಂದರ್ಥ. ಗಿಳಿ ಹಾಗೆಂದರೆ ಸಾಕು, ಎಲ್ಲರೂ ಅದನ್ನು ಮುದ್ದಾಡುತ್ತಿದ್ದರು. ಯಜಮಾನಿ ತೀರಿಕೊಂಡ ಮೇಲೆ ಗಿಳಿ ಜರ್ಮನಿಯ ಒಬ್ಬ ಒಂಟಿ ಅಜ್ಜಿಯ ಮನೆ ಸೇರಿತು. ಅಜ್ಜಿ ಊಟಕ್ಕೆ ಕೂತಾಗಲೆಲ್ಲ ಅದು ಪ್ರೀತಿಯಿಂದ 'ಗಿಫ್ಟ್' ಎನ್ನುವುದು, ಅಜ್ಜಿ ತಟ್ಟೆ ಸರಿಸಿ ಎದ್ದುಹೋಗುವುದು. ಮೂರನೆಯ ದಿನ ಅವಳು ಪಂಜರಕ್ಕೆ ಬಟ್ಟೆ ಮುಚ್ಚಿಬಿಟ್ಟಳು.

ಬಟ್ಟೆಯ ಮರೆಯಿಂದ ಗಿಳಿ ಮನೆಯ ಮುದಿನಾಯಿಯನ್ನು ಕೇಳಿತು: "ಅಣ್ಣಾ, ನನ್ನಿಂದೇನು ತಪ್ಪಾಯಿತು?"

"ಈ ಸೀಮೆಯಲ್ಲಿ ಅದಕ್ಕೆ ವಿಷ ಎಂದರ್ಥ, ತಂಗಿ. ಉಣ್ಣುವವರ ಮುಂದೆ ಕೂತು ವಿಷ, ವಿಷ ಅಂದರೆ ಯಾರ ಗಂಟಲಲ್ಲಿ ತುತ್ತು ಇಳಿದೀತು?"

"ನನಗೆ ಬರುವುದು ಅದೊಂದೇ. ಅದನ್ನೂ ಬಿಟ್ಟರೆ ನನ್ನ ಪ್ರೀತಿ ಅವಳಿಗೆ ತಿಳಿಯುವುದು ಹೇಗೆ?"

"ಹದಿಮೂರು ವರ್ಷದಿಂದ ಇಲ್ಲಿದ್ದೇನೆ. ಅಜ್ಜಿಯೊಡನೆ ಒಂದು ಮಾತಾದರೂ ಆಡಿದ್ದೇನೆಯೇ?" ಎಂದಿತು ನಾಯಿ.

ಮರುದಿನ ಅಜ್ಜಿ ನೀರಿಡಲು ಪಂಜರದೊಳಗೆ ಕೈ ಚಾಚಿದಳು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು ಗಿಳಿ ಆ ಸುಕ್ಕುಗೈಗೆ ತಲೆಯಾನಿಸಿತು. ಅಜ್ಜಿ ಕೈ ಹಿಂದೆಗೆಯಲಿಲ್ಲ. ಅಂದು ಅವಳು ಪಂಜರದ ಪಕ್ಕದಲ್ಲೇ ಕೂತು ಹೊಟ್ಟೆತುಂಬ ಉಂಡಳು.

ಕೇಳಿದ ನಿಮ್ಮನ್ನು ಸ್ವಾಮಿಯು, ಮಾತು ತಿಳಿಯದ ಊರಿನಲ್ಲೂ, ಒಂಟಿಯಾಗಿಸದಿರಲಿ.