ಜೊಂಡಿಗೆ ಇಳಿದ ಸಲಗ

ಕೆರೆಯ ಜೊಂಡು ಯಾರದೆಂದು ಕಾಡುಬಾತುಗಳಿಗೂ ನೀರುಕೋಳಿಗಳಿಗೂ ಜಗಳ ಹತ್ತಿಕೊಂಡಿತ್ತು. ಬಾತುಗಳ ಯಜಮಾನ ದಡದಲ್ಲಿದ್ದ ಸಲಗದ ಬಳಿ ಬಂದು ಕೈಮುಗಿಯಿತು. "ಒಡೆಯಾ, ಈ ಕಾಡಿನಲ್ಲಿ ನಿಮಗೆ ಎದುರಿಲ್ಲ. ಒಮ್ಮೆ ಜೊಂಡಿಗೆ ನುಗ್ಗಿ, ನೀರುಕೋಳಿಗಳು ದಿಕ್ಕಾಪಾಲಾಗಲಿ."

"ಅವುಗಳ ಮೊಟ್ಟೆ ಎಲ್ಲಿವೆ?" ಎಂದು ಸಲಗ ಕೇಳಿತು.

"ಜೊಂಡಿನಲ್ಲಿ."

"ನಿಮ್ಮವು?"

"ಅವೂ ಅಲ್ಲೇ."

"ಹಾಗಾದರೆ ನಾನು ಎಲ್ಲಿ ಕಾಲಿಡಲಿ? ತೋರಿಸು."

ಬಾತಿಗೆ ತೋರಿಸಲಾಗಲಿಲ್ಲ. "ಹೆಸರಿಗೆ ಸಲಗ, ಎದೆ ಮಾತ್ರ ಇಲಿಯದು" ಎಂದು ಗೊಣಗುತ್ತ ಹಾರಿಹೋಯಿತು. ಸಲಗಕ್ಕೆ ಮೈಯೆಲ್ಲ ಉರಿಯಿತು, ಆದರೂ ಕಾಲು ಕದಲಿಸಲಿಲ್ಲ.

ಮರುದಿನ ಬೆಳಗ್ಗೆ ಒಂದು ಉಡ ಜೊಂಡಿಗೆ ನುಗ್ಗಿ ಸಿಕ್ಕಸಿಕ್ಕ ಮೊಟ್ಟೆಗಳನ್ನೆಲ್ಲ ನುಂಗತೊಡಗಿತು. ಬಾತುಗಳೂ ನೀರುಕೋಳಿಗಳೂ ಒಟ್ಟಿಗೆ ಕೂಗಿಕೊಂಡವು. ಈ ಸಲ ಸಲಗ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಸೊಂಡಿಲಿನಿಂದ ನೆಲ ತಡವುತ್ತ, ಗೂಡಿಲ್ಲದ ಕಡೆ ಮಾತ್ರ ಹೆಜ್ಜೆ ಊರುತ್ತ ಹೋಗಿ, ಉಡವನ್ನು ಬಾಲ ಹಿಡಿದೆತ್ತಿ ದಡದಾಚೆ ಎಸೆಯಿತು.

ಬಾತು ತಲೆತಗ್ಗಿಸಿ ಬೇಡಿತು: "ಒಡೆಯಾ, ಬಂದದ್ದು ಬಂದಿರಿ, ಇಲ್ಲೇ ನಿಂತುಬಿಡಿ. ನೀವಿದ್ದರೆ ಉಡವೂ ಬಾರದು, ನಾವೂ ಜಗಳವಾಡೆವು."

"ಕೆಳಗೆ ನೋಡು" ಎಂದಿತು ಸಲಗ. ಅದರ ಕಾಲ ಸುತ್ತ ನೀರೆಲ್ಲ ರಾಡಿಯಾಗಿತ್ತು. ಎರಡೂ ಕಡೆ ಆಗಲೇ ಮೊಟ್ಟೆಯೊಡೆದು ಬಂದಿದ್ದ ಮರಿಗಳು ಆ ಕೆಸರಿನಲ್ಲಿ ಈಜಲಾರದೆ ಒದ್ದಾಡುತ್ತಿದ್ದವು. "ನಾನು ನಿಂತಷ್ಟು ಹೊತ್ತೂ ಇದು ತಿಳಿಯಾಗದು. ಉಡ ಬಂದರೆ ಕೂಗು, ಓಡಿ ಬರುತ್ತೇನೆ. ಜಗಳಕ್ಕೆ ಮಾತ್ರ ಕೂಗಬೇಡ."

ಹಾಗೆಂದು, ಬಂದ ಹೆಜ್ಜೆಗಳಲ್ಲೇ ಒಂದೊಂದಾಗಿ ಕಾಲಿಡುತ್ತ ಸಲಗ ದಡ ಹತ್ತಿತು.